ಕಲ್ಲುಹಾಸಿನ ಮೇಲೆ ಭವಿಷ್ಯ ನುಡಿಯುವವರು

ಮೂವರ ಎದುರು ಒಬ್ಬ. ಆ ಮೂವರೂ ಒಂದೇ ತಂಡದವರು. ಗುರಿ ಇನ್ನೂ ಎಷ್ಟೋ ದೂರವಿರುವಾಗಲೇ ಉಳಿದವರನ್ನೆಲ್ಲ ಹಿಂದೆ ಹಾಕಿ ಬಂದವರು. ವೌಟ್ ವಾನ್ ಆರ್ಟ್ ಈ ನೆಲದ ಕಣ್ಮಣಿ. ಮ್ಯಾಟಿಯೊ ಜಾರ್ಗನ್ಸನ್ ಹಿಂದಿನ ವರ್ಷ ಇದೇ ಸೈಕಲ್ ಓಟ ಗೆದ್ದವನು. ಟೀಸ್ ಬೆನೂಟ್ ಇಲ್ಲಿನ ಸಂದುಗೊಂದುಗಳನ್ನೆಲ್ಲ ಅರೆದು ಕುಡಿದವನು. ನಾಲ್ಕನೆಯವನು ಅಮೆರಿಕದ ನೀಲ್ಸನ್ ಪೌಲೆಸ್. 2025ರ ಏಪ್ರಿಲ್ 2ರ ಬುಧವಾರ ಸಂಜೆ ಬೆಲ್ಜಿಯಂನ ವಾರೆಗೆಮ್ ಊರಿನಲ್ಲಿ ಆ ನಾಲ್ವರಿಗಾಗಿ ಕಾಯುತ್ತಾ ನಾವು ಕಬ್ಬಿಣದ ತಡೆಬೇಲಿಗೆ ಒರಗಿ ನಿಂತಿದ್ದೆವು. ಸುತ್ತಲಿದ್ದವರಲ್ಲಿ ಯಾರು ಗೆಲ್ಲುತ್ತಾರೆಂಬ ಚರ್ಚೆಯೇ ಇರಲಿಲ್ಲ. ಮೂವರಲ್ಲಿ ಯಾರಿಗೆ ಗೆಲುವು ಬಿಟ್ಟುಕೊಡುತ್ತಾರೆ ಎಂಬುದಷ್ಟೇ ಮಾತು.

ವಾನ್ ಆರ್ಟ್‌ಗೆ ಬಿಟ್ಟುಕೊಟ್ಟರು. ಅವನು ವೇಗವಾಗಿ ಓಡಿಸಬಲ್ಲವನು, ಕೊನೆಯ ಇನ್ನೂರು ಮೀಟರಿನಲ್ಲಿ ಅವನನ್ನು ಮೀರುವುದು ಸುಲಭವಲ್ಲ. ಆದರೂ ಅಲ್ಲಿಯವರೆಗೆ ಅವನ ಬೆನ್ನಿಗೇ ಅಂಟಿಕೊಂಡು ಬಂದಿದ್ದ ಪೌಲೆಸ್, ಗೆರೆ ಎದುರಾದಾಗ ಪಕ್ಕಕ್ಕೆ ಸರಿದು ಮುಂದೆ ಹೋಗಿಬಿಟ್ಟ. ನನ್ನ ಎಡಕ್ಕಿದ್ದ ಹೆಂಗಸು ಕರಿದ ಆಲೂಗಡ್ಡೆಯ ಪೊಟ್ಟಣ ಹಿಡಿದ ಕೈಯನ್ನು ಬಾಯಿಯತ್ತ ಎತ್ತಿದ್ದವಳು ಹಾಗೇ ನಿಂತಳು. ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಇಡೀ ಬೀದಿಯೇ ಒಟ್ಟಿಗೆ ಮಾತಾಡತೊಡಗಿತು.

ನನ್ನ ಜೊತೆಗಿದ್ದವನು ವಿಜಯಪುರದ ಗೆಳೆಯ. ಕೆಲಸದ ಮೇಲೆ ಬಂದು ಗೆಂಟ್ ನಗರದಲ್ಲಿ ನೆಲೆಸಿದ್ದಾನೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ಬಹಳ ಮಂದಿ ಬಂದಿದ್ದಾರೆ. ಆ ಸೀಮೆಯಲ್ಲಿ ಬೆಳೆದವನಿಗೆ ಈ ದೇಶದ ಹುಚ್ಚು ಹಿಡಿಯಲು ತಡವಾಗಲಿಲ್ಲ. ಅವನು ನಗುತ್ತಾ ಹೇಳಿದ: "ಈಗ ನೋಡು, ಭಾನುವಾರದ ತನಕ ಈ ಊರಾಗ ಯಾರಿಗೂ ನಿದ್ದಿ ಇಲ್ಲ."

ಭಾನುವಾರ ಎಂದರೆ ಟೂರ್ ಆಫ್ ಫ್ಲಾಂಡರ್ಸ್. ಇಲ್ಲಿಯವರ ಬಾಯಲ್ಲಿ ರೊಂಡೆ. ಅದರ ಮುಂದಿನ ಭಾನುವಾರ ಗಡಿಯಾಚೆ ಫ್ರಾನ್ಸ್‌ನಲ್ಲಿ ಪ್ಯಾರಿಸ್-ರೂಬೆ. ಕಲ್ಲುಹಾಸಿನ ಹಳೆಯ ರಸ್ತೆಗಳ ಮೇಲೆ ಒಂದೇ ದಿನದಲ್ಲಿ 260, 270 ಕಿಲೋಮೀಟರ್ ಓಡಿ ಮುಗಿಸುವ ಓಟಗಳಿವು. ಟೂರ್ ಡಿ ಫ್ರಾನ್ಸ್‌ನಲ್ಲಿ ಇಂದು ಕಳೆದುಕೊಂಡದ್ದನ್ನು ನಾಳೆ ಪಡೆಯಬಹುದು. ಇಲ್ಲಿ ನಾಳೆ ಎಂಬುದಿಲ್ಲ. ಹಾಗಾಗಿಯೇ ಇರಬೇಕು, ಓಟಕ್ಕೆ ಮುನ್ನ ಯಾರು ಗೆಲ್ಲಬಹುದೆಂದು ಹೇಳುವ ಚಟ ಈ ನಾಡಿಗೆ ಅಂಟಿಕೊಂಡಿದೆ. ನಾನು ಬಂದದ್ದು ಓಟ ನೋಡಲು; ಹೆಚ್ಚು ನೋಡಿದ್ದು ಈ ಭವಿಷ್ಯ ಹೇಳುವವರನ್ನು.

*

ಗೆಳೆಯನ ಮನೆಯ ಕೆಳ ಅಂತಸ್ತಿನಲ್ಲಿ ಮನೆಯ ಯಜಮಾನರ ವಾಸ. ನಿವೃತ್ತ ಬಸ್ ಚಾಲಕರು, ಎಪ್ಪತ್ತು ದಾಟಿದವರು. ಏಪ್ರಿಲ್ ತಿಂಗಳಲ್ಲಿ ಅವರ ಅಡುಗೆಮನೆಯ ಮೇಜು ಪತ್ರಿಕೆಗಳಿಂದ ತುಂಬಿರುತ್ತದೆ. ಓಟದ ವಾರದಲ್ಲಿ ಇಲ್ಲಿನ ಪತ್ರಿಕೆಗಳು ಫೇವರಿಟ್‌ಗಳ ಪಟ್ಟಿ ಮಾಡಿ ಅವರ ಹೆಸರಿನ ಮುಂದೆ ನಕ್ಷತ್ರ ಹಾಕುತ್ತವೆ: ಐದು ನಕ್ಷತ್ರದವರು ಒಬ್ಬರೋ ಇಬ್ಬರೋ, ನಾಲ್ಕರವರು ಇನ್ನಿಬ್ಬರು, ಒಂದು ನಕ್ಷತ್ರದವರು ಹತ್ತಾರು ಮಂದಿ. ಯಜಮಾನರು ಅದನ್ನು ಓದುತ್ತಾರೆ, ಆದರೆ ನಂಬುವುದಿಲ್ಲ. "ಇಷ್ಟು ಜನಕ್ಕೆ ನಕ್ಷತ್ರ ಕೊಟ್ಟರೆ ಯಾರು ಗೆದ್ದರೂ 'ನಾವು ಹೇಳಿರಲಿಲ್ಲವೇ' ಎನ್ನಬಹುದಲ್ಲ" ಎಂದು ಮೂಗು ಮುರಿದರು.

ಅವರದೇ ಒಂದು ನೋಟ್‌ಬುಕ್ ಇದೆ. ಶಾಲಾ ಮಕ್ಕಳ ಚೌಕುಳಿ ಹಾಳೆಯದು, ಅಂಚು ಸವೆದು ಎಣ್ಣೆಯ ಕಲೆ ಬಿದ್ದಿದೆ. ಪ್ರತಿ ಪುಟದಲ್ಲಿ ಮೂರು ಕಂಬಸಾಲು. ಮೊದಲನೆಯದರಲ್ಲಿ ಸವಾರನ ಹೆಸರು. ಎರಡನೆಯದರಲ್ಲಿ ಅವನು ಎಲ್ಲಿ ಗೆಲ್ಲುತ್ತಾನೆ ಎಂಬುದು: ಒಂದು ದಿಬ್ಬದ ಹೆಸರು, ಒಂದು ತಿರುವು, ಇಲ್ಲವೇ ಕೊನೆಯ ಗೆರೆ. ಮೂರನೆಯದರಲ್ಲಿ ಎಲ್ಲಿ ಅವನ ಕೈತಪ್ಪಿ ಹೋಗುತ್ತದೆ ಎಂಬುದು. ಮೂರೂ ತುಂಬದ ಹೆಸರನ್ನು ಅವರು ಬರೆಯುವುದೇ ಇಲ್ಲ. ಆ ವರ್ಷದ ರೊಂಡೆಯ ಪುಟದಲ್ಲಿ ಇದ್ದದ್ದು ಬೆರಳೆಣಿಕೆಯ ಹೆಸರುಗಳು. ವಿಶ್ವ ಚಾಂಪಿಯನ್ ತಾದೆಯ್ ಪೊಗಾಚಾರ್ ಹೆಸರಿನ ಮುಂದೆ 'ಕ್ವಾರೆಮಾಂಟ್, ಕೊನೆಯ ಸಲ' ಎಂದಿತ್ತು; ಓಟ ಮೂರು ಸಲ ಹಾಯುವ ಏರು ಅದು. ಹಿಂದಿನ ವರ್ಷ ಗೆದ್ದಿದ್ದ ಮ್ಯಾಥ್ಯೂ ವಾನ್ ಡರ್ ಪೂಲ್ ಮುಂದೆ 'ಔಡನಾರ್ಡ, ಗೆರೆ', ಅಂದರೆ ಓಟ ಮುಗಿಯುವ ಊರು. ಪೊಗಾಚಾರ್‌ನ ಮೂರನೆಯ ಕಂಬಸಾಲಿನಲ್ಲೂ ಅದೇ ಮಾತು: ಗೆರೆಯ ತನಕ ವಾನ್ ಡರ್ ಪೂಲ್ ಜೊತೆಗಿದ್ದರೆ ಮುಗಿಯಿತು.

ನನ್ನ ಗೆಳೆಯನೂ ಇವರ ಗರಡಿಯಲ್ಲೇ ಪಳಗಿದವನು. "ಯಾಂವ ಗೆಲ್ತಾನ ಅಂತ ಕೇಳಬ್ಯಾಡ" ಎಂದು ನನಗೆ ಪಾಠ ಹೇಳಿದ. "ಯಾಂವ ಗೆಲ್ಲೂದಿಲ್ಲ ಅನ್ನೂದು ಮೊದಲ ಹೇಳು. ಹೊಡದ ಹಾಕ್ಕೋತ ಹೋದ್ರ ಕಡೀಗೆ ನಾಕ ಹೆಸರು ಉಳೀತಾವ."

ಹೊಡೆದು ಹಾಕಲು ಸಾಕ್ಷ್ಯ ಬೇಕು. ಅದನ್ನು ಒದಗಿಸುವುದು ಹಿಂದಿನ ವಾರಗಳ ಸಣ್ಣ ಓಟಗಳು. ಫೆಬ್ರವರಿ ಮುಗಿಯುವ ಹೊತ್ತಿಗೆ ಓಮ್ಲೋಪ್‌ನಿಂದ ಹಂಗಾಮು ಶುರುವಾಗುತ್ತದೆ. ಆ ವರ್ಷ ಮಾರ್ಚ್ ಕೊನೆಗೆ ಹಾರೆಲ್ಬೆಕೆ ಊರಿನ ಇ3, ಅದರ ಬೆನ್ನಿಗೆ ಗೆಂಟ್-ವೆವೆಲ್ಗೆಮ್, ಆಮೇಲೆ ವಾರೆಗೆಮ್. 2025ರಲ್ಲಿ ಇ3 ಓಟವನ್ನು ವಾನ್ ಡರ್ ಪೂಲ್ ಒಂಟಿಯಾಗಿ ಗೆದ್ದಿದ್ದ. ಗೆಂಟ್-ವೆವೆಲ್ಗೆಮ್‌ನಲ್ಲಿ ಡೆನ್ಮಾರ್ಕಿನ ಮ್ಯಾಡ್ಸ್ ಪೀಡರ್ಸನ್ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಒಬ್ಬನೇ ಓಡಿ ಗೆದ್ದ. ವಾರೆಗೆಮ್‌ನಲ್ಲಿ ವಾನ್ ಆರ್ಟ್ ಸೋತದ್ದನ್ನು ನಾವೇ ಕಣ್ಣಾರೆ ನೋಡಿದ್ದೆವು. ಆದರೆ ಆ ಸೋಲನ್ನು ಹೇಗೆ ಓದಬೇಕು? ಕಾಲಿನಲ್ಲಿ ಕಸುವಿಲ್ಲ ಎಂದೇ, ಅಥವಾ ಅಷ್ಟು ದೂರದಿಂದ ಮುಂದೆ ಬರುವಷ್ಟು ಕಸುವಿತ್ತು, ಲೆಕ್ಕ ಮಾತ್ರ ತಪ್ಪಿತು ಎಂದೇ? ಯಜಮಾನರು ಅವನ ಹೆಸರನ್ನು ಅಳಿಸಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟರು.

ಈ ಹವ್ಯಾಸಕ್ಕೂ ಪತ್ರಿಕೆಗೂ ಇರುವ ನಂಟು ಇಂದಿನದಲ್ಲ. ರೊಂಡೆ ಹುಟ್ಟಿದ್ದೇ ಪತ್ರಿಕೆ ಮಾರಲು. 1913ರಲ್ಲಿ 'ಸ್ಪೋರ್ಟ್‌ವೆರೆಲ್ಡ್' ಎಂಬ ಹೊಸ ಕ್ರೀಡಾ ಪತ್ರಿಕೆಯ ಕಾರೆಲ್ ವಾನ್ ವೈನೆಂಡಾಲ ಈ ಓಟವನ್ನು ಶುರುಮಾಡಿದ. ಮೊದಲ ಸಲ ಓಡಿದವರು 37 ಜನ. ಗೆದ್ದವನು ಪಾಲ್ ಡೆಮಾನ್. ಓಟ ನೋಡಲು ಟಿಕೆಟ್ಟಿಲ್ಲ, ರಸ್ತೆಗೆ ಗೋಡೆಯಿಲ್ಲ. ಮಾರಬಹುದಾದದ್ದು ಎರಡೇ: ಓಟದ ಹಿಂದಿನ ದಿನದ ಊಹೆ, ಮಾರನೆಯ ದಿನದ ವರದಿ. ಯಜಮಾನರ ಮೇಜಿನ ಮೇಲಿದ್ದ ನಕ್ಷತ್ರಗಳ ಪುಟಕ್ಕೆ ನೂರು ವರ್ಷ ಮೀರಿದ ವ್ಯಾಪಾರದ ಬುದ್ಧಿ ಇದೆ.

*

ಓಟಕ್ಕೆ ಮುನ್ನ ರಸ್ತೆಯನ್ನು ನಡೆದು ನೋಡಬೇಕೆಂಬುದು ಯಜಮಾನರ ಅಪ್ಪಣೆ. ಗೆಂಟ್‌ನಿಂದ ಔಡನಾರ್ಡಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಹಳ್ಳಿಗಳ ಕಡೆ ಹೆಜ್ಜೆ ಹಾಕಿದೆವು. ದನ ಮೇಯುವ ಹಸಿರು, ಆಗಷ್ಟೇ ಉತ್ತ ಕಂದು ಹೊಲ, ದೂರಕ್ಕೊಂದು ಚರ್ಚಿನ ಗೋಪುರ. ಬೆಟ್ಟವೆಂದು ಕರೆಯುವಂಥದ್ದು ಏನೂ ಇಲ್ಲ. ನಮ್ಮ ಮಲೆನಾಡಿನವರು ಇವನ್ನು ದಿಬ್ಬ ಎನ್ನಲೂ ಹಿಂಜರಿದಾರು.

ಪಾಟರ್‌ಬರ್ಗ್ ಕೇವಲ 360 ಮೀಟರ್. ಕೆಳಗೆ ನಿಂತರೆ ತುದಿ ಕಾಣುತ್ತದೆ. ಆದರೆ ಅದರ ಕಡಿದಾದ ಭಾಗ ಶೇ 20ರಷ್ಟು ಏರು. ನಡೆಯುವಾಗಲೇ ಹಿಮ್ಮಡಿ ನೆಲ ಬಿಡುತ್ತದೆ. ಮನೆಯ ಹತ್ತಿರ ರೊಂಡೆ ಹಾದುಹೋಗಲೆಂದು ಇಲ್ಲಿನ ರೈತನೊಬ್ಬ ಈ ದಾರಿಗೆ ಕಲ್ಲು ಹಾಸಿಸಿದನೆಂದು ಹೇಳುತ್ತಾರೆ. 1986ರಲ್ಲಿ ಓಟ ಬಂದೇ ಬಂತು, ಈಗ ಇದು ಕೊನೆಯ ಏರು. ಇಲ್ಲಿಂದ ಔಡನಾರ್ಡದ ಗೆರೆಗೆ ಸುಮಾರು 13 ಕಿಲೋಮೀಟರ್. ನಾನು ಕುಳಿತು ಕಲ್ಲುಗಳ ಮೇಲೆ ಕೈಯಾಡಿಸಿದೆ. ದೂರದಿಂದ ಬೆಲ್ಲದ ಅಚ್ಚುಗಳನ್ನು ಸಾಲಾಗಿ ಜೋಡಿಸಿದಂತೆ ಕಾಣುವವು ಹತ್ತಿರದಿಂದ ಒಂದರಂತೆ ಒಂದಿಲ್ಲ. ಒಂದರ ತಲೆ ಸವೆದು ನುಣುಪಾಗಿದೆ, ಪಕ್ಕದ್ದು ಒಂದು ಬದಿಗೆ ವಾಲಿದೆ, ಅದರಾಚೆಯದು ಎರಡು ಬೆರಳು ಮೇಲೆದ್ದಿದೆ. ನಡುವಿನ ಸಂದುಗಳಲ್ಲಿ ಮಣ್ಣು, ಹುಲ್ಲು. ರಸ್ತೆಯಂಚಿನಲ್ಲಿ ಅಂಗೈಯಗಲದ ಮಣ್ಣಿನ ಕಾಲುವೆ. ಸವಾರರು ಹುಡುಕುವುದು ಆ ಕಾಲುವೆಯನ್ನೇ, ಏಕೆಂದರೆ ಅಲ್ಲಿ ಗಾಲಿ ಕುಣಿಯುವುದಿಲ್ಲ. ಆದರೆ ಅದರಲ್ಲಿ ಜಾಗವಿರುವುದು ಒಬ್ಬರ ಹಿಂದೊಬ್ಬರಿಗೆ ಮಾತ್ರ.

ಫೇವರಿಟ್ ಯಾರೆಂಬ ಪ್ರಶ್ನೆಗೆ ಅರ್ಧ ಉತ್ತರ ಆ ಸಂದಿಯಲ್ಲೇ ಇದೆ. ಅಗಲವಾದ ರಸ್ತೆಯಲ್ಲಿ ನೂರೈವತ್ತು ಸವಾರರು ಗಂಟೆಗೆ 60 ಕಿಲೋಮೀಟರಿನಲ್ಲಿ ಬರುತ್ತಿರುತ್ತಾರೆ. ಒಂದು ತಿರುವು ತಿರುಗಿದರೆ ಎದುರಿಗೆ ಎರಡು ಮೀಟರಿನ ಕಲ್ಲುದಾರಿ. ಮೊದಲ ಹತ್ತು ಜನ ಸೈಕಲ್ ತುಳಿದು ಏರುತ್ತಾರೆ. ಮೂವತ್ತನೆಯವನ ಮುಂದೆ ಯಾರೋ ಕಾಲು ಕೆಳಗಿಟ್ಟರೆ, ಅವನ ಹಿಂದಿದ್ದವರೆಲ್ಲ ಇಳಿದು ಸೈಕಲ್ ಹೆಗಲಿಗೇರಿಸಿ ನಡೆಯಬೇಕು. ಕೊಪ್ಪೆನ್‌ಬರ್ಗ್‌ನಲ್ಲಿ ಹೀಗಾಗುವುದು ಮಾಮೂಲು. 600 ಮೀಟರಿನ ಆ ಏರು ಒಂದೆಡೆ ಶೇ 22ರಷ್ಟು ಕಡಿದು. 1987ರಲ್ಲಿ ಅಲ್ಲಿ ಒಬ್ಬನೇ ಮುಂದಿದ್ದ ಡೆನ್ಮಾರ್ಕಿನ ಯೆಸ್ಪರ್ ಸ್ಕಿಬಿ ಆಯತಪ್ಪಿ ಬಿದ್ದ. ಹಿಂದೆ ಬರುತ್ತಿದ್ದ ಸಂಘಟಕರ ಕಾರು ಅವನ ಸೈಕಲ್ ಮೇಲೆಯೇ ಹರಿದು ಮುಂದೆ ಹೋಯಿತು. ಆಮೇಲೆ 2002ರ ತನಕ ಆ ಏರನ್ನು ಓಟದಿಂದ ಕೈಬಿಟ್ಟಿದ್ದರು. 2024ರ ಮಳೆಯಲ್ಲಿ ಜಗತ್ತಿನ ಹೆಸರಾಂತ ಸವಾರರೇ ಅಲ್ಲಿ ಇಳಿದು ಸೈಕಲ್ ತಳ್ಳಿದರು. ಕೆಳಗಿಳಿಯದೆ ಏರಿ ಹೋದ ಕೆಲವೇ ಮಂದಿಯಲ್ಲಿ ವಾನ್ ಡರ್ ಪೂಲ್ ಒಬ್ಬ, ಓಟವನ್ನೂ ಅವನೇ ಗೆದ್ದ.

ಹೀಗಾಗಿ ದಿಬ್ಬದ ಬುಡಕ್ಕೆ ಮೊದಲ ಹತ್ತರಲ್ಲಿ ಬಂದು ಮುಟ್ಟುವವನು ಯಾರು ಎಂಬುದನ್ನು ಮೊದಲು ಎಣಿಸಬೇಕು. ಅದಕ್ಕೆ ಅವನ ಕಾಲಿನ ಕಸುವಷ್ಟೇ ಸಾಲದು. ಅವನನ್ನು ಗಾಳಿಯಿಂದ ಮರೆಮಾಡಿ ಅಲ್ಲಿಯವರೆಗೆ ತಂದುಬಿಡುವ ಬಂಟರು ಬೇಕು. ಮುಂದಿನ ಎಡತಿರುವಿನಾಚೆ ಏನಿದೆ ಎಂಬುದು ಬಾಯಿಪಾಠವಾಗಿರಬೇಕು. ಇಲ್ಲಿನ ಹಳ್ಳಿಯ ಹುಡುಗರಿಗೆ ಆ ವಿದ್ಯೆ ಹುಟ್ಟಿನಿಂದ ಬಂದದ್ದು, ಹೊರಗಿನವರು ಬೆವರು ಸುರಿಸಿ ಕಲಿಯಬೇಕು.

ಇನ್ನುಳಿದ ಅರ್ಧ ಉತ್ತರ ದೂರದಲ್ಲಿದೆ. ನೂರು ಕಿಲೋಮೀಟರ್ ಆದಾಗ ಪಾಟರ್‌ಬರ್ಗ್ ಏರಬಲ್ಲವರು ನೂರು ಜನ ಸಿಗುತ್ತಾರೆ. ಇನ್ನೂರೈವತ್ತು ಕಿಲೋಮೀಟರ್ ಆದ ಮೇಲೆ, ಆರು ಗಂಟೆ ಕಲ್ಲಿನ ಕುಲುಕಾಟ ತಿಂದ ಮೇಲೆ, ಅದೇ ಏರನ್ನು ಅದೇ ವೇಗದಲ್ಲಿ ಏರಬಲ್ಲವರು ಐದೋ ಆರೋ ಮಂದಿ. ಜೊತೆಗೆ, ಸಮತಟ್ಟು ರಸ್ತೆಯಲ್ಲಿ ಇನ್ನೊಬ್ಬನ ಬೆನ್ನ ಹಿಂದೆ ಅಡಗಿ ಶಕ್ತಿ ಉಳಿಸಬಹುದು. ಕಡಿದಾದ ಏರಿನಲ್ಲಿ ವೇಗ ಇಳಿಯುವುದರಿಂದ ಆ ಆಸರೆ ಸಿಗದು. ಕಲ್ಲಿನ ದಾರಿ ಅದೃಷ್ಟದಾಟ ಎಂದು ಹೇಳುವವರು ಈ ಒಂದು ಸಂಗತಿಯನ್ನು ಮರೆಯುತ್ತಾರೆ: ರೊಂಡೆಯಲ್ಲಿ ಅಡಗಿಕೊಳ್ಳಲು ಜಾಗ ಕಡಿಮೆ.

ದಾಖಲೆಯೂ ಹಾಗೆಯೇ ಹೇಳುತ್ತದೆ. 2020ರಿಂದ 2024ರವರೆಗಿನ ಐದು ರೊಂಡೆಗಳಲ್ಲಿ ಮೂರು ವಾನ್ ಡರ್ ಪೂಲ್‌ಗೆ, ಒಂದು ಪೊಗಾಚಾರ್‌ಗೆ. ಉಳಿದ ಒಂದು, 2021ರದ್ದು, ಡೆನ್ಮಾರ್ಕಿನ ಕಾಸ್ಪರ್ ಆಸ್ಗ್ರೀನ್‌ನದು; ಆ ದಿನವೂ ಕೊನೆಯ ಗೆರೆಯ ತನಕ ಅವನ ಪಕ್ಕದಲ್ಲಿದ್ದವನು ವಾನ್ ಡರ್ ಪೂಲ್. ಅದಕ್ಕೂ ಹಿಂದೆ ಟಾಮ್ ಬೂನನ್ ಮತ್ತು ಫೇಬಿಯನ್ ಕ್ಯಾನ್ಸೆಲಾರ ತಲಾ ಮೂರು ಸಲ ಗೆದ್ದರು. ಅನಿರೀಕ್ಷಿತರು ಇಲ್ಲವೆಂದಲ್ಲ. 2019ರಲ್ಲಿ ಗೆದ್ದ ಇಟಲಿಯ ಅಲ್ಬೆರ್ತೊ ಬೆತ್ತಿಯೊಲ್‌ಗೆ ಅದೇ ವೃತ್ತಿಜೀವನದ ಮೊದಲ ಗೆಲುವು. ಆದರೆ ಅವನೂ ಗೆದ್ದದ್ದು ಕ್ವಾರೆಮಾಂಟ್‌ನಲ್ಲಿ ಎಲ್ಲರನ್ನೂ ಬಿಟ್ಟುಹೋಗಿ. ಹೆಸರು ಹೊಸದು, ಜಾಗ ಹಳೆಯದೇ.

*

ಏಪ್ರಿಲ್ 6, ಭಾನುವಾರ. ಔಡೆ ಕ್ವಾರೆಮಾಂಟ್‌ನ ಹೊಲಗಳಲ್ಲಿ ಬಿಳಿ ಡೇರೆಗಳ ಊರೇ ಎದ್ದಿತ್ತು. ಹಳದಿ ಬಟ್ಟೆಯ ಮೇಲೆ ಕಪ್ಪು ಸಿಂಹದ ಬಾವುಟಗಳು, ಬಿಯರ್ ಲೋಟಗಳು, ಅಪ್ಪನ ಹೆಗಲೇರಿದ ಮಕ್ಕಳು. ಬ್ರೂಜ್ ನಗರದಿಂದ ಬೆಳಿಗ್ಗೆ ಹೊರಟ ಗಂಡಸರ ಓಟ ಈ 2.2 ಕಿಲೋಮೀಟರಿನ ಏರನ್ನು ಮೂರು ಸಲ ಹಾಯುತ್ತದೆ. ನಾವು ಏರಿನ ಮೇಲ್ಭಾಗದಲ್ಲಿ, ಕಡಿದು ಮುಗಿದು ರಸ್ತೆ ಚಪ್ಪಟೆಯಾಗುವಲ್ಲಿ ಜಾಗ ಹಿಡಿದಿದ್ದೆವು. ನೋಡುವವರಿಗೆ ಅದು ಸಪ್ಪೆ ಜಾಗ, ಓಡುವವರಿಗೆ ಅತಿ ಕ್ರೂರವಾದದ್ದು ಎಂದು ಯಜಮಾನರು ಹೇಳಿ ಕಳಿಸಿದ್ದರು. ಏರು ಮುಗಿಯಿತೆಂದು ಮನಸ್ಸು ಸಡಿಲಾಗುವ ಹೊತ್ತಿಗೆ ಕಲ್ಲು ಮಾತ್ರ ಮುಗಿದಿರುವುದಿಲ್ಲ.

ಮೊದಲು ಹೆಲಿಕಾಪ್ಟರಿನ ಸದ್ದು, ಆಮೇಲೆ ಪೊಲೀಸ್ ಮೋಟಾರ್‌ಸೈಕಲ್‌ಗಳು, ಕೆಳಗಿನಿಂದ ಕೂಗು ಒಂದೊಂದೇ ಮೀಟರ್ ಮೇಲೇರಿ ಬರುತ್ತದೆ. ಎರಡನೆಯ ಸುತ್ತಿನಲ್ಲೇ ಪೊಗಾಚಾರ್ ಗುಂಪನ್ನು ಜಾಲಿಸಿಬಿಟ್ಟಿದ್ದ. ಮೂರನೆಯ ಸುತ್ತಿಗೆ ಅವನೊಂದಿಗೆ ಉಳಿದವರು ವಾನ್ ಡರ್ ಪೂಲ್, ಪೀಡರ್ಸನ್, ವಾನ್ ಆರ್ಟ್ ಮತ್ತು ಇನ್ನೊಬ್ಬ ಬೆಲ್ಜಿಯನ್ ಯಾಸ್ಪರ್ ಸ್ಟೌವೆನ್. ನಮ್ಮ ಮುಂದೆ ಹಾಯುವಾಗ ಬಿಳಿಯ ಮೇಲೆ ಕಾಮನಬಿಲ್ಲಿನ ಪಟ್ಟೆಯ ವಿಶ್ವ ಚಾಂಪಿಯನ್ ಅಂಗಿ ಒಂಟಿಯಾಗಿತ್ತು. ಪೊಗಾಚಾರ್‌ನ ಹೆಗಲು ಅಲುಗುತ್ತಿರಲಿಲ್ಲ, ಸೊಂಟದ ಕೆಳಗೆ ಮಾತ್ರ ಕೆಲಸ ನಡೆದಿತ್ತು. ಕೆಲವು ಸೆಕೆಂಡುಗಳ ಬಳಿಕ ವಾನ್ ಡರ್ ಪೂಲ್ ಬಂದ. ಅಂದು ದಿನದ ನಡುವೆ ಒಮ್ಮೆ ಬಿದ್ದು ಎದ್ದಿದ್ದವನು. ಬಾಯಿ ತೆರೆದಿತ್ತು, ಕಣ್ಣು ಮುಂದಿನ ಗಾಲಿಯ ಮೇಲೆಯೇ ನೆಟ್ಟಿತ್ತು. ಸುಮಾರು 18 ಕಿಲೋಮೀಟರ್ ಉಳಿದಿತ್ತು. ಪೊಗಾಚಾರ್ ಸುಮಾರು ಒಂದು ನಿಮಿಷದ ಅಂತರದಲ್ಲಿ ಗೆದ್ದ. ಪೀಡರ್ಸನ್ ಎರಡನೆಯವನು, ವಾನ್ ಡರ್ ಪೂಲ್ ಮೂರನೆಯವನು, ವಾನ್ ಆರ್ಟ್ ನಾಲ್ಕು.

ಹೆಂಗಸರ ಓಟವನ್ನು ಅದೇ ದಿನ ಲೊಟ್ಟೆ ಕೊಪೆಕಿ ಗೆದ್ದಳು. ರೊಂಡೆಯಲ್ಲಿ ಅವಳದು ಮೂರನೆಯ ಗೆಲುವು. ಕ್ವಾರೆಮಾಂಟ್‌ನಲ್ಲಿ ಎದುರಾಳಿಗಳನ್ನು ಬಿಟ್ಟುಹೋಗಲು ಆಗದಿದ್ದರೂ, ಗೆರೆಯವರೆಗೆ ಜೊತೆಗೆ ಬಂದವರನ್ನು ಅಲ್ಲಿ ಸೋಲಿಸಿದಳು.

ಯಜಮಾನರ ಪುಟ ಅಕ್ಷರಶಃ ನಿಜವಾಗಿತ್ತು. ಅವರು ಬೀಗಿದರೆಂದು ತಿಳಿಯಬೇಡಿ. ಸಂಜೆ ಸಪ್ಪೆ ಮುಖದಲ್ಲಿ ಕೂತಿದ್ದರು. "ಇಷ್ಟು ಸರಿಯಾಗಿ ನಡೆದರೆ ಟಿ.ವಿ. ಯಾಕೆ ನೋಡಬೇಕು ಹೇಳಿ?" ಎಂದರು. ಊಹೆ ತಪ್ಪಬಹುದೆಂಬ ಭಯವಿಲ್ಲದಿದ್ದರೆ ಆಟದಲ್ಲಿ ರುಚಿಯಿಲ್ಲ ಎಂಬುದು ಅವರ ದೂರು.

*

ಅವರ ರುಚಿಗೆ ತಕ್ಕುದು ರೂಬೆ. ರೊಂಡೆಯಂತೆ ಅಲ್ಲಿ ಏರುಗಳಿಲ್ಲ, ನೆಲವೆಲ್ಲ ಚಪ್ಪಟೆ. ಇರುವುದು ಕಲ್ಲು, ಧೂಳು ಅಥವಾ ಕೆಸರು. ಪ್ಯಾರಿಸ್‌ನ ಉತ್ತರಕ್ಕಿರುವ ಕಾಂಪಿಯೆನ್ ಪಟ್ಟಣದಿಂದ ಹೊರಟು, ಸುಮಾರು ನೂರು ಕಿಲೋಮೀಟರ್ ಮಾಮೂಲಿ ರಸ್ತೆಯಲ್ಲಿ ಬಂದ ಮೇಲೆ ಕಲ್ಲುಹಾಸಿನ ತುಂಡುಗಳು ಶುರು. 2025ರಲ್ಲಿ ಅಂಥವು 30. ಒಟ್ಟು 55 ಕಿಲೋಮೀಟರಿನಷ್ಟು. ತುಂಡುಗಳ ಸಂಖ್ಯೆ ಇಳಿಯುತ್ತಾ ಬರುತ್ತದೆ, ಒಂದಕ್ಕೆ ಬಂದರೆ ಓಟ ಮುಗಿಯುವ ರೂಬೆಯ ವೆಲೊಡ್ರೋಮ್, ಸೈಕಲ್ ಓಟದ ಅಂಕಣ. ಪ್ರತಿ ತುಂಡಿಗೂ ಅದರ ಕಷ್ಟಕ್ಕೆ ತಕ್ಕಂತೆ ಒಂದರಿಂದ ಐದು ನಕ್ಷತ್ರ. ಇಲ್ಲಿ ನಕ್ಷತ್ರ ಸಿಗುವುದು ರಸ್ತೆಗೆ. ಯಜಮಾನರಿಗೆ ಒಪ್ಪಿಗೆಯಾಗುವ ಪದ್ಧತಿ.

ಐದು ನಕ್ಷತ್ರದವು ಮೂರು: ಅರೆನ್‌ಬರ್ಗ್, ಮಾಂಸ್-ಆನ್-ಪೆವೆಲ್, ಕಾರ್ಫೂರ್ ದ ಲಾರ್ಬ್ರ. ಗೆಳೆಯನ ಕಾರಿನಲ್ಲಿ ಗಡಿ ದಾಟಿ ಮೊದಲು ಅರೆನ್‌ಬರ್ಗ್‌ಗೆ ಹೋದೆವು. ಗಣಿಯ ಕಬ್ಬಿಣದ ಗೋಪುರಗಳ ಪಕ್ಕದಿಂದ ಕಾಡಿನೊಳಗೆ ನೆಟ್ಟಗೆ ಸಾಗುವ 2.3 ಕಿಲೋಮೀಟರಿನ ದಾರಿ. ರೊಂಡೆಯ ಕಲ್ಲುಗಳು ಇದರ ಮುಂದೆ ಸಾಧು. ಇಲ್ಲಿ ಕಲ್ಲುಗಳ ನಡುವೆ ಪಾದ ಅಡ್ಡ ಇಡುವಷ್ಟು ಸಂದು, ಮೇಲೆ ಪಾಚಿ. ಕಲ್ಲಿದ್ದಲ ಗಣಿಯಲ್ಲಿ ದುಡಿದು, ಬಳಿಕ 1962ರಲ್ಲಿ ವಿಶ್ವ ಚಾಂಪಿಯನ್ ಆದ ಝಾನ್ ಸ್ತಾಬ್ಲಿನ್ಸ್ಕಿ ಈ ದಾರಿಯನ್ನು ಸಂಘಟಕರಿಗೆ ತೋರಿಸಿದ. 1968ರಿಂದ ಓಟ ಇಲ್ಲಿ ಹಾಯತೊಡಗಿತು. ತಾನು ಯಾವ ನೆಲದ ಕೆಳಗೆ ದುಡಿದನೋ ಅದರ ಮೇಲೆಯೇ ಸೈಕಲ್ ತುಳಿದವನು ಅವನು. ಕಾಡಿನ ಬಾಯಲ್ಲಿ ಅವನ ಸ್ಮಾರಕ ಶಿಲೆ ಇದೆ.

ಸಂಘಟಕರು ಕೆಟ್ಟ ರಸ್ತೆ ಹುಡುಕಿಕೊಂಡು ಅಲೆಯಬೇಕಾಗಿ ಬಂದದ್ದಕ್ಕೆ ಕಾರಣವಿತ್ತು. 1896ರಲ್ಲಿ ರೂಬೆಯ ಇಬ್ಬರು ಗಿರಣಿ ಮಾಲೀಕರು ತಮ್ಮ ಹೊಸ ವೆಲೊಡ್ರೋಮಿನ ಪ್ರಚಾರಕ್ಕಾಗಿ ಈ ಓಟ ಶುರುಮಾಡಿದಾಗ ಕಲ್ಲುಹಾಸು ವಿಶೇಷವೇನಲ್ಲ, ಆಗಿನ ರಸ್ತೆಗಳೇ ಹಾಗಿದ್ದವು. ಮೊದಲ ಮಹಾಯುದ್ಧ ಈ ನೆಲವನ್ನು ಜರ್ಝರಿತಗೊಳಿಸಿತು. 1919ರಲ್ಲಿ ದಾರಿ ನೋಡಲು ಬಂದವರ ಬಾಯಿಂದ 'ಉತ್ತರದ ನರಕ' ಎಂಬ ಹೆಸರು ಹುಟ್ಟಿತು. ಎರಡನೆಯ ಯುದ್ಧದ ನಂತರ ಊರೂರಿಗೆ ಡಾಂಬರು ಬಂತು. ಕಲ್ಲಿನ ರಸ್ತೆ ಉಳಿದದ್ದೇ ನಾಚಿಕೆಯೆಂದು ಮೇಯರ್‌ಗಳು ಅವಸರ ಮಾಡಿದರು. ಓಟದ ಕೀರ್ತಿ ಏರಿದಂತೆ ಅದೇ ಕಲ್ಲು ಹೆಮ್ಮೆಯಾಯಿತು. ಈಗ 'ಪ್ಯಾರಿಸ್-ರೂಬೆಯ ಗೆಳೆಯರು' ಎಂಬ ಸ್ವಯಂಸೇವಕರ ಸಂಘ ವರ್ಷವಿಡೀ ಕಿತ್ತ ಕಲ್ಲುಗಳನ್ನು ಮತ್ತೆ ಕೂರಿಸುತ್ತದೆ. ಗೆದ್ದವನಿಗೆ ಬಹುಮಾನವೂ ಒಂದು ಕಲ್ಲೇ.

ಇಂಥ ನೆಲದಲ್ಲಿ ಊಹೆ ಎಷ್ಟು ನಿಂತೀತು? ಕಲ್ಲುಗಳ ಮೇಲೆ ಗಾಲಿ ಎಗರದಂತೆ ಹಿಡಿದಿಡಲು ಮೈಭಾರ ಬೇಕೆಂಬುದು ಇಲ್ಲಿನ ಹಳೆಯ ನಂಬಿಕೆ. ಹಾಗಾಗಿಯೇ ಬೂನನ್, ಕ್ಯಾನ್ಸೆಲಾರರಂಥ ದಪ್ಪ ಮೂಳೆಯವರು ಇಲ್ಲಿ ಮೆರೆದರು. ಬೂನನ್ ನಾಲ್ಕು ಸಲ ಗೆದ್ದ, ಅವನಿಗಿಂತ ಮೊದಲು ರೋಜರ್ ಡೆ ವ್ಲಾಮಿಂಕ್ ನಾಲ್ಕು ಸಲ. ಟೂರ್ ಡಿ ಫ್ರಾನ್ಸ್ ಗೆದ್ದವನೊಬ್ಬ ರೂಬೆಯನ್ನೂ ಗೆದ್ದದ್ದು ಕೊನೆಯ ಬಾರಿ 1981ರಲ್ಲಿ, ಬರ್ನಾರ್ಡ್ ಇನೊ. ಟೂರ್ ಗೆದ್ದವನೇ ಆದ ಪೊಗಾಚಾರ್ ಸುಮಾರು 66 ಕೆ.ಜಿ. ತೂಗುವವನು. ಆದರೆ ಟಯರ್ ಈ ಲೆಕ್ಕವನ್ನು ಕಲಕಿದೆ. ಹಿಂದೆ 27, 28 ಮಿಲಿಮೀಟರ್ ಅಗಲದ ಟಯರ್ ಹಾಕುತ್ತಿದ್ದಲ್ಲಿ ಈಗ 32, ಅದಕ್ಕಿಂತ ಅಗಲದವೂ ಬಂದಿವೆ. ಗಾಳಿಯ ಒತ್ತಡ ತಗ್ಗಿಸಿ ಓಡಿಸುತ್ತಾರೆ. ಕಲ್ಲಿನ ಏಟನ್ನು ಮೈಗಿಂತ ಮೊದಲು ರಬ್ಬರ್ ತಿನ್ನುತ್ತದೆ. ಓಟದ ವೇಗ ಏರುತ್ತಲೇ ಹೋಗಿ 2024ರಲ್ಲಿ ಸರಾಸರಿ ಗಂಟೆಗೆ 47.8 ಕಿಲೋಮೀಟರ್ ಮುಟ್ಟಿತು.

ಇಷ್ಟೆಲ್ಲ ಎಣಿಸಿದ ಮೇಲೂ ರೂಬೆಯಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ. 2016ರಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಹೇಮನ್ ಓಟಕ್ಕೆ ಐದಾರು ವಾರ ಮುಂಚೆ ತೋಳು ಮುರಿದುಕೊಂಡು, ಮನೆಯೊಳಗೆ ನಿಂತ ಸೈಕಲ್ ತುಳಿದು ಸಿದ್ಧನಾಗಿ ಬಂದು, ಐದನೆಯ ಗೆಲುವಿನ ದಾಖಲೆಗೆ ಹೊರಟಿದ್ದ ಬೂನನ್‌ನನ್ನು ವೆಲೊಡ್ರೋಮಿನಲ್ಲಿ ಸೋಲಿಸಿದ. ಅವನು ಬೆಳಿಗ್ಗೆಯೇ ಮುಂದೋಡಿದ ಗುಂಪಿನಲ್ಲಿದ್ದ. ಫೇವರಿಟ್‌ಗಳು ಬಂದು ಕೂಡಿಕೊಂಡಾಗ ಅವರ ಜೊತೆ ಉಳಿದ. 2011ರಲ್ಲಿ ಎಲ್ಲರ ಕಣ್ಣು ಕ್ಯಾನ್ಸೆಲಾರನ ಮೇಲಿತ್ತು, ಅವನು ಕದಲಿದರೆ ಹತ್ತು ಜನ ಬೆನ್ನುಬೀಳುತ್ತಿದ್ದರು. ಅವರೆಲ್ಲ ಒಬ್ಬರನ್ನೊಬ್ಬರು ಕಾಯುತ್ತಿದ್ದಾಗ ಮುಂದೆ ಹೋದ ಯೊಹಾನ್ ವಾನ್ಸುಮ್ಮೆರೆನ್, ಗಾಳಿ ಇಳಿಯುತ್ತಿದ್ದ ಹಿಂದಿನ ಟಯರಿನಲ್ಲೇ ಗೆದ್ದ. 2023ರ ಹೆಂಗಸರ ಓಟದಲ್ಲಿ ಕೆನಡಾದ ಅಲಿಸನ್ ಜ್ಯಾಕ್ಸನ್ ಗೆದ್ದದ್ದೂ ಹೀಗೆಯೇ: ಆರಂಭದಲ್ಲೇ ಓಡಿಹೋದ ಗುಂಪನ್ನು ಹಿಂದಿನ ಫೇವರಿಟ್‌ಗಳು ಕೊನೆಯವರೆಗೂ ಹಿಡಿಯಲಾಗಲಿಲ್ಲ.

ಇವನ್ನು ಅದೃಷ್ಟವೆಂದು ಬರೆದಿಡಬಹುದೇ? ನಾನು ಕೇಳಿದಾಗ ಗೆಳೆಯ ತಲೆಯಾಡಿಸಿದ. "ಅದೃಷ್ಟ ಅಲ್ಲೋ. ಎಲ್ಲಾರೂ ಒಬ್ಬನ್ನ ಫೇವರಿಟ್ ಅಂದಕೂಡ್ಲೆ ಅಂವನ ಕಾಲಿಗೆ ಬೇಡಿ ಬೀಳ್ತದ. ಉಳದಾಂವಗ ಅದ ದಾರಿ." ಮಳೆಯ ಮುನ್ಸೂಚನೆ ಮಳೆಯನ್ನು ಬದಲಿಸುವುದಿಲ್ಲ. ಓಟದ ಮುನ್ಸೂಚನೆಯನ್ನು ಸವಾರರೂ ಓದುತ್ತಾರೆ. ಓದಿದವರು ಅದಕ್ಕೆ ತಕ್ಕಂತೆ ಓಡುತ್ತಾರೆ. ಪತ್ರಿಕೆ ಐದು ನಕ್ಷತ್ರ ಕೊಟ್ಟವನನ್ನು ಹತ್ತು ತಂಡಗಳು ಕಣ್ಣಿಟ್ಟು ಕಾಯುತ್ತವೆ. ಒಂದೇ ನಕ್ಷತ್ರದವನು ಹತ್ತು ಮೀಟರ್ ಮುಂದೆ ಹೋದರೆ ಹೋಗಲಿ ಬಿಡು ಎನ್ನುತ್ತಾರೆ. ವಾರೆಗೆಮ್‌ನಲ್ಲಿ ಪೌಲೆಸ್‌ಗೆ ದಕ್ಕಿದ್ದೂ ಇದೇ ಬಿಡುವು.

*

ಏಪ್ರಿಲ್ 12ರ ಶನಿವಾರ ಹೆಂಗಸರ ಓಟ. ಹಿಂದಿನ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಚಿನ್ನ ಗೆದ್ದು ರಸ್ತೆ ಓಟಕ್ಕೆ ಮರಳಿದ್ದ ಫ್ರಾನ್ಸಿನ ಪೊಲೀನ್ ಫೆರಾಂ-ಪ್ರೆವೊ ಒಂಟಿಯಾಗಿ ವೆಲೊಡ್ರೋಮಿಗೆ ಬಂದಾಗ ಬಯಲು ಕಿತ್ತುಹೋಗುವಂತೆ ಕೂಗಿತು. ಮಾರನೆಯ ದಿನ ನಾವು ನಿಂತದ್ದು ಗುರಿಗೆ ಸುಮಾರು 17 ಕಿಲೋಮೀಟರ್ ಇರುವ ಕಾರ್ಫೂರ್ ದ ಲಾರ್ಬ್ರದಲ್ಲಿ: ಬೋಳು ಹೊಲದ ನಡುವೆ ಕಲ್ಲಿನ ದಾರಿ, ತುದಿಯಲ್ಲಿ ಒಂಟಿ ಹೋಟೆಲು.

ಅಲ್ಲಿಗೆ ಓಟ ಬರುವ ಮೊದಲೇ ಸುದ್ದಿ ಬಂತು. ವಾನ್ ಡರ್ ಪೂಲ್, ಪೊಗಾಚಾರ್ ಇಬ್ಬರೇ ಮುಂದೆ ಉಳಿದಿದ್ದರು. ಮೊದಲ ಸಲ ಈ ಓಟಕ್ಕೆ ಇಳಿದಿದ್ದರೂ ಆ 66 ಕೆ.ಜಿ.ಯವನು ಕಲ್ಲಿನ ಮೇಲೆ ಸರಿಸಮನಾಗಿ ಓಡಿ ಹಳೆಯ ನಂಬಿಕೆಯನ್ನು ಸುಳ್ಳುಮಾಡಿದ್ದ. ಅವನ ಓಟ ಕೆಟ್ಟದ್ದು ಸುಮಾರು 38 ಕಿಲೋಮೀಟರ್ ಉಳಿದಿದ್ದ ಒಂದು ಬಲತಿರುವಿನಲ್ಲಿ. ವೇಗದ ಅಂದಾಜು ತಪ್ಪಿ ರಸ್ತೆಯಂಚಿಗೆ ಹೋಗಿ ಬಿದ್ದ, ಎದ್ದು ಹೊರಡುವಷ್ಟರಲ್ಲಿ ವಾನ್ ಡರ್ ಪೂಲ್ ಕಣ್ಣಳತೆ ದಾಟುತ್ತಿದ್ದ. ಆದರೂ ಗೆದ್ದವನ ದಾರಿ ಹೂವಿನದಾಗಿರಲಿಲ್ಲ. ಪ್ರೇಕ್ಷಕನೊಬ್ಬ ಎಸೆದ ನೀರಿನ ಬಾಟಲಿ ಅವನ ಮುಖಕ್ಕೆ ಬಡಿಯಿತು. ಪಂಕ್ಚರ್ ಆಗಿ ಸೈಕಲ್ ಬದಲಿಸಬೇಕಾಯಿತು. ಅಷ್ಟಾಗಿಯೂ ಒಂದು ನಿಮಿಷಕ್ಕೂ ಹೆಚ್ಚಿನ ಅಂತರದ ಗೆಲುವು. ಸತತ ಮೂರನೆಯ ರೂಬೆ. ಅವನಿಗಿಂತ ಮೊದಲು ಆ ಸಾಧನೆ ಒಕ್ಟಾವ್ ಲಾಪೀಝ್ ಮತ್ತು ಫ್ರಾಂಚೆಸ್ಕೊ ಮೊಸೆರ್ ಇಬ್ಬರದ್ದು ಮಾತ್ರ.

ರಾತ್ರಿ ಗೆಂಟ್‌ಗೆ ಮರಳಿದಾಗ ಯಜಮಾನರು ಎಚ್ಚರವಾಗಿಯೇ ಇದ್ದರು, ಈ ಸಲ ಮುಖದಲ್ಲಿ ಕಳೆಯಿತ್ತು. ವಾನ್ ಡರ್ ಪೂಲ್ ಗೆಲ್ಲುವನೆಂದು ಅವರೂ ಬರೆದಿದ್ದರು, ಆದರೆ ಬೇರೆ ಜಾಗದಲ್ಲಿ: ಇಬ್ಬರೂ ಒಟ್ಟಿಗೆ ವೆಲೊಡ್ರೋಮಿಗೆ ಬಂದು ಕೊನೆಯ ಸುತ್ತಿನಲ್ಲಿ ತೀರ್ಮಾನವಾಗುವುದೆಂದು. ನಮ್ಮ ಗೆಳೆಯ ಅಭಿನಂದಿಸಲು ಹೋದರೆ ಅವರು ಒಪ್ಪಲಿಲ್ಲ. ಹೆಸರು ಸರಿಯಾದರೆ ಸಾಲದು, ಕಾರಣ ಸರಿಯಾಗಬೇಕು ಎಂದರು. ಆ ಬಲತಿರುವಿನ ಹೆಸರು ತಮ್ಮ ಯಾವ ಕಂಬಸಾಲಿನಲ್ಲೂ ಇರಲಿಲ್ಲವೆಂಬುದೇ ಅವರ ಸಂತೋಷ. ಮೂವರೂ ಆ ತಿರುವಿನ ದೃಶ್ಯವನ್ನು ಮತ್ತೆ ಮತ್ತೆ ಓಡಿಸಿ ನೋಡಿದೆವು. ವೇಗ ಹೆಚ್ಚಾಯಿತೇ, ಒಳಬದಿಯ ದಾರಿ ಹಿಡಿಯಬೇಕಿತ್ತೇ, ವಾನ್ ಡರ್ ಪೂಲ್ ಮುಂದಿದ್ದರೆ ಹೀಗಾಗುತ್ತಿತ್ತೇ ಎಂದು ವಾದ ಬೆಳೆಯಿತು.

ಪಂಕ್ಚರನ್ನು ಯಾರೂ ಮೊದಲೇ ಹೇಳಲಾರರು. ಆದರೆ ಪಂಕ್ಚರ್ ಆದ ಮೇಲೂ ಗೆಲ್ಲಬಲ್ಲವರು ಎಷ್ಟು ಮಂದಿ ಎಂಬುದನ್ನು ಹೇಳಬಹುದು. ಆ ಪಟ್ಟಿ ಯಾವಾಗಲೂ ಚಿಕ್ಕದು. ಬೀಳಬಹುದು, ಬಂಟರನ್ನು ಕಳೆದುಕೊಳ್ಳಬಹುದು, ಮುಖಕ್ಕೆ ಏಟು ತಿನ್ನಬಹುದು. ಇದೆಲ್ಲ ಕಳೆದ ಮೇಲೂ ಒಂದು ನಿಮಿಷ ಉಳಿಸಿಕೊಂಡವನೇ ಕಲ್ಲುಹಾಸಿನ ಮೇಲೆ ಫೇವರಿಟ್. ಉಳಿದವರ ಗೆಲುವು ಬರುವುದು ಅವನನ್ನು ಎಲ್ಲರೂ ಕಾಯುತ್ತಿರುವ ಹೊತ್ತಿನಲ್ಲಿ. ಈ ಎರಡನ್ನೂ ಎಣಿಕೆಗೆ ತೆಗೆದುಕೊಳ್ಳದ ಭವಿಷ್ಯ ಬರೀ ನಕ್ಷತ್ರಗಳ ಸಾಲು. ಮುಂದಿನ ವಸಂತದಲ್ಲಿ ಟಿ.ವಿ. ಮುಂದೆ ಕೂರುವವರು ಹೆಸರಿನ ಪಕ್ಕದಲ್ಲಿ ಒಂದು ಜಾಗವನ್ನೂ ಬರೆದಿಟ್ಟುಕೊಳ್ಳಲಿ. ಹೆಸರು ತಪ್ಪಿದರೂ ಆ ಜಾಗ ಬಂದಾಗ ಕಣ್ಣು ಮಿಟುಕಿಸದೆ ನೋಡುತ್ತೀರಿ, ಓಟ ಅರ್ಥವಾಗತೊಡಗುವುದು ಅಲ್ಲಿಂದಲೇ.